ಹೊವಾರ್ಡ್ ಹ್ಯೂಸ್: ಮೂಳೆ ಕೂಡಿತು, ನೋವಿನ ಮಾತ್ರೆ ನಿಲ್ಲಲಿಲ್ಲ

ದುಡ್ಡಿದ್ದರೆ ನೆಮ್ಮದಿ ಇರುವುದಿಲ್ಲ ಎಂದು ಹೇಳುವ ಫಾರ್ವರ್ಡ್‌ಗಳಿಗೆ ಹೇಳಿ ಮಾಡಿಸಿದಂತಹ ಬದುಕು ಅಮೆರಿಕದ ಹೊವಾರ್ಡ್ ಹ್ಯೂಸ್ ಅವರದು. ಒಂದು ಕಾಲಕ್ಕೆ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರು. ವಿಮಾನ ಕಂಪನಿ, ಸಿನಿಮಾ ಸ್ಟುಡಿಯೋ, ಹೋಟೆಲುಗಳು, ಎಲ್ಲವೂ ಇದ್ದವು. ಕೊನೆಗಾಲದಲ್ಲಿ ಮಾತ್ರ ಪರದೆ ಎಳೆದ ಹೋಟೆಲ್ ಕೋಣೆ, ಕತ್ತರಿಸದ ಕೂದಲು, ಬೆಳೆದ ಉಗುರು, ಎಲುಬಿನ ಗೂಡಾದ ದೇಹ. ಕೀಟಾಣುಗಳ ಭಯದಿಂದ ತಲೆ ಕೆಟ್ಟಿತು, ಅಷ್ಟೇ ಎಂದು ಕಥೆ ಮುಗಿಸುವವರೇ ಹೆಚ್ಚು.

ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ದಿ ಏವಿಯೇಟರ್ ಸಿನಿಮಾ ನೋಡಿದವರಿಗೆ ಹ್ಯೂಸ್ ಪರಿಚಯ ಇರುತ್ತದೆ. ಆದರೆ ಆ ಸಿನಿಮಾ 1947ಕ್ಕೆ ನಿಂತುಬಿಡುತ್ತದೆ. ಅದಾದ ಮೇಲೆ ಹ್ಯೂಸ್ ಇನ್ನೂ 29 ವರ್ಷ ಬದುಕಿದ್ದರು. ಆ ವರ್ಷಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಅಪಘಾತ, ಕೆಲವು ಮುರಿದ ಮೂಳೆಗಳು ಮತ್ತು ಒಂದು ನೋವಿನ ಮಾತ್ರೆಯ ಕಥೆ ಗೊತ್ತಿರಬೇಕು. ನಾವು ವೈದ್ಯರಲ್ಲ. ಸಂಶೋಧನೆಗಳನ್ನು ಓದಿ ಸರಳ ಕನ್ನಡದಲ್ಲಿ ಹೇಳುವುದು ನಮ್ಮ ಕೆಲಸ. ಹ್ಯೂಸ್ ಅವರ ಕಥೆಯನ್ನು ಇಂದು ಹೇಳಲು ಕಾರಣವಿದೆ: ಅವರಿಗೆ ಆದದ್ದು ಕೋಟ್ಯಧಿಪತಿಗಳಿಗೆ ಮಾತ್ರ ಆಗುವಂಥದ್ದಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಯಾರಿಗಾದರೂ ಆಗಬಹುದು.

ಹಾರುವ ಹುಚ್ಚು

ಹ್ಯೂಸ್ ಹುಟ್ಟಿದ್ದು 1905ರಲ್ಲಿ. ಅವರ ತಂದೆ ಎಣ್ಣೆಬಾವಿ ಕೊರೆಯುವಾಗ ಗಟ್ಟಿ ಬಂಡೆಯನ್ನೂ ಸೀಳಬಲ್ಲ ಹೊಸ ಬಗೆಯ ಬಿಟ್ ತಯಾರಿಸಿ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ದೊಡ್ಡ ಕಂಪನಿ ಕಟ್ಟಿದ್ದರು. ತಾಯಿ 1922ರಲ್ಲಿ, ತಂದೆ 1924ರಲ್ಲಿ ತೀರಿಕೊಂಡರು. ಹದಿನೆಂಟರ ಹುಡುಗನ ಕೈಗೆ ಆಸ್ತಿ ಬಂತು.

ಆ ಹಣವನ್ನು ಅವರು ಎರಡು ಕಡೆ ಸುರಿದರು: ಸಿನಿಮಾ ಮತ್ತು ವಿಮಾನ. 1930ರಲ್ಲಿ ಹೆಲ್ಸ್ ಏಂಜಲ್ಸ್ ಎಂಬ ವಿಮಾನ ಯುದ್ಧದ ಸಿನಿಮಾ ತೆರೆಗೆ ಬಂತು. 1935ರಲ್ಲಿ ತಮ್ಮದೇ ಎಚ್-1 ವಿಮಾನದಲ್ಲಿ ಗಂಟೆಗೆ ಸುಮಾರು 567 ಕಿಲೋಮೀಟರ್ ವೇಗದಲ್ಲಿ ಹಾರಿ ದಾಖಲೆ ಮಾಡಿದರು. 1938ರ ಜುಲೈನಲ್ಲಿ ನಾಲ್ವರು ಸಹಾಯಕರೊಂದಿಗೆ ಸುಮಾರು 91 ಗಂಟೆಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ನ್ಯೂಯಾರ್ಕ್‌ಗೆ ವಾಪಸಾದರು.

ಅಪಾಯವೂ ಜೊತೆಗೇ ಇತ್ತು. ಹೆಲ್ಸ್ ಏಂಜಲ್ಸ್ ಚಿತ್ರೀಕರಣದ ಹೊತ್ತಿನಲ್ಲೇ ವಿಮಾನ ಬಿದ್ದು ತಲೆಗೆ ಪೆಟ್ಟಾಗಿತ್ತು. 1943ರಲ್ಲಿ ಮೀಡ್ ಸರೋವರದಲ್ಲಿ ಅವರು ನಡೆಸುತ್ತಿದ್ದ ನೀರಿಗಿಳಿಯುವ ವಿಮಾನ ಅಪಘಾತಕ್ಕೀಡಾಗಿ ಜೊತೆಗಿದ್ದ ಇಬ್ಬರು ಸತ್ತರು. ಸಣ್ಣ ವಯಸ್ಸಿನಿಂದಲೂ ಅವರಿಗೆ ಶುಚಿತ್ವದ ವಿಪರೀತ ಕಾಳಜಿ ಇತ್ತು. ನಂತರದ ತಜ್ಞರು ಅದನ್ನು ಗೀಳು ರೋಗ ಎಂದು ಗುರುತಿಸಿದ್ದಾರೆ. ಅದು ನಿಜ. ಆದರೆ ಪೂರ್ತಿ ನಿಜ ಅಲ್ಲ.

1946ರ ಜುಲೈ 7

ಅಂದು ಹ್ಯೂಸ್ ಎಕ್ಸ್ಎಫ್-11 ಎಂಬ ಹೊಸ ಸೇನಾ ವಿಮಾನವನ್ನು ಮೊದಲ ಬಾರಿಗೆ ಹಾರಿಸುತ್ತಿದ್ದರು. ವಿಮಾನದಲ್ಲಿ ಅವರೊಬ್ಬರೇ. ಬಲಗಡೆಯ ಎಂಜಿನ್ನಿಗೆ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್ ಇದ್ದವು. ಎಣ್ಣೆ ಸೋರಿ ಹಿಂದಿನ ಪ್ರೊಪೆಲ್ಲರ್‌ನ ಎಲೆಗಳು ಉಲ್ಟಾ ತಿರುಗಿಕೊಂಡವು. ಅದು ವಿಮಾನವನ್ನು ಮುಂದೆ ಎಳೆಯುವ ಬದಲು ಹಿಂದಕ್ಕೆ ತಳ್ಳತೊಡಗಿತು. ಹತ್ತಿರದ ಗಾಲ್ಫ್ ಮೈದಾನದಲ್ಲಿ ಇಳಿಸಲು ನೋಡಿದರೂ ಆಗಲಿಲ್ಲ. ಲಾಸ್ ಏಂಜಲಿಸ್ ಪಕ್ಕದ ಬೆವರ್ಲಿ ಹಿಲ್ಸ್‌ನ ಮನೆಗಳಿಗೆ ಬಡಿದು ವಿಮಾನ ಹೊತ್ತಿ ಉರಿಯಿತು. ಹತ್ತಿರದಲ್ಲಿದ್ದ ಒಬ್ಬ ಸೈನಿಕ ಬೆಂಕಿಯಿಂದ ಅವರನ್ನು ಎಳೆದು ಉಳಿಸಿದ.

ಕೊರಳೆಲುಬು ನುಜ್ಜುಗುಜ್ಜಾಗಿತ್ತು. ಹಲವು ಪಕ್ಕೆಲುಬುಗಳು ಮುರಿದಿದ್ದವು. ಎಡ ಶ್ವಾಸಕೋಶ ಕುಸಿದು, ಹೃದಯ ಬಲಕ್ಕೆ ಸರಿದಿತ್ತು. ಮೈಮೇಲೆ ಆಳವಾದ ಸುಟ್ಟಗಾಯಗಳಿದ್ದವು. ಬದುಕುವುದೇ ಅನುಮಾನ ಎನ್ನುವ ಸ್ಥಿತಿ.

ಹ್ಯೂಸ್ ಬದುಕಿದರು. ಮಲಗಿದ್ದಲ್ಲೇ ತಮ್ಮ ಎಂಜಿನಿಯರುಗಳಿಗೆ ಹೇಳಿ, ಮೋಟಾರುಗಳಿಂದ ಬೇಕಾದ ಹಾಗೆ ಏರಿಳಿಯುವ ಆಸ್ಪತ್ರೆ ಮಂಚ ಮಾಡಿಸಿದರು. ಸುಟ್ಟ ಮೈಯನ್ನು ಅಲುಗಾಡಿಸದೆ ಮಲಗುವ ಭಂಗಿ ಬದಲಿಸಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಔಷಧಿ ಇಲ್ಲದೆ ನೋವು ಕಡಿಮೆ ಮಾಡುವ ದಾರಿಗಳಿವೆ ಎಂದು ಅವರಿಗೇ ಹೊಳೆದಿತ್ತು. ಆದರೆ ಮಂಚ ತಯಾರಾಗಿ ಬಂದಾಗ ಅವರು ಅದನ್ನು ಬಳಸಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಮುಂದಿನ ವರ್ಷ ನವೆಂಬರಿನಲ್ಲಿ ಮರದ ದೈತ್ಯ ವಿಮಾನ ಎಚ್-4 ಹರ್ಕ್ಯುಲಿಸ್ ಅನ್ನು ಸಾವಿರಾರು ಜನರ ಎದುರು ತಾವೇ ಹಾರಿಸಿದರು. ನೋಡಿದವರಿಗೆ ಹ್ಯೂಸ್ ಪೂರ್ತಿ ಗುಣವಾದಂತೆ ಕಂಡರು.

ಮಾರ್ಫಿನ್‌ನಿಂದ ಕೊಡೀನ್‌ಗೆ

ಅಪಘಾತದ ನೋವಿಗೆ ವೈದ್ಯರು ಕೊಟ್ಟದ್ದು ಮಾರ್ಫಿನ್. ಅಫೀಮಿನಿಂದ ಬರುವ ಔಷಧಿ. ಇದರಲ್ಲಿ ತಪ್ಪೇನೂ ಇರಲಿಲ್ಲ. ಎದೆಗೂಡು ಮುರಿದು, ಮೈ ಸುಟ್ಟ ಮನುಷ್ಯನಿಗೆ ಅಂದು ಮಾರ್ಫಿನ್ ಕೊಡದೆ ಇದ್ದಿದ್ದರೆ ಅದೇ ತಪ್ಪಾಗುತ್ತಿತ್ತು. ಪಕ್ಕೆಲುಬು ಮುರಿದವರಿಗೆ ನೋವು ಇಳಿಯದಿದ್ದರೆ ಆಳವಾಗಿ ಉಸಿರೆಳೆಯಲು, ಕೆಮ್ಮಲು ಆಗುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ಚೇತರಿಸಿಕೊಂಡಂತೆ ಮಾರ್ಫಿನ್ ಬಿಡಿಸಿ ಕೊಡೀನ್ ಕೊಡಲಾಯಿತು. ಕೊಡೀನ್ ಕೂಡ ಅಫೀಮಿನ ಕುಟುಂಬದ್ದೇ, ಸ್ವಲ್ಪ ಸೌಮ್ಯ. ಸೌಮ್ಯ ಎಂದರೆ ಬೇರೆ ಜಾತಿಯದು ಎಂದಲ್ಲ. ನಾವು ನುಂಗಿದ ಕೊಡೀನ್‌ನ ಒಂದು ಭಾಗವನ್ನು ನಮ್ಮ ಯಕೃತ್ತು ಮಾರ್ಫಿನ್ ಆಗಿಯೇ ಬದಲಿಸುತ್ತದೆ. ಅಲ್ಲಿಂದ ಬರುವುದೇ ಅದರ ನೋವು ತಗ್ಗಿಸುವ ಶಕ್ತಿ. ಮಾರ್ಫಿನ್, ಕೊಡೀನ್, ಟ್ರಮಡಾಲ್, ಇವೆಲ್ಲವನ್ನೂ ಸೇರಿಸಿ ಓಪಿಯಾಯ್ಡ್ ಎನ್ನುತ್ತಾರೆ.

ಮೂಳೆಗಳು ಕೂಡಿದವು, ಗಾಯ ಮಾಯಿತು. ಕೊಡೀನ್ ನಿಲ್ಲಲಿಲ್ಲ. ಒಂದು ವರ್ಷವಲ್ಲ, ಐದು ವರ್ಷವಲ್ಲ, ಸಾಯುವವರೆಗೆ.

ಏಕೆ? ಇದಕ್ಕೆ ಮೂರು ಕಾರಣಗಳನ್ನು ವಿಜ್ಞಾನ ಹೇಳುತ್ತದೆ. ಒಂದು, ದೇಹ ಓಪಿಯಾಯ್ಡ್‌ಗೆ ಒಗ್ಗಿಕೊಳ್ಳುತ್ತದೆ. ನಿನ್ನೆ ಒಂದು ಮಾತ್ರೆಗೆ ಇಳಿದ ನೋವಿಗೆ ನಾಳೆ ಎರಡು ಬೇಕಾಗುತ್ತದೆ. ಎರಡು, ವಾರಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಮೈಕೈ ನೋವು, ಬೆವರು, ಭೇದಿ, ನಿದ್ದೆಗೆಡುವುದು ಶುರುವಾಗುತ್ತದೆ. ಹಳೆಯ ಗಾಯದ ನೋವೇ ಮರಳಿತು ಎಂದು ರೋಗಿ ಮತ್ತೆ ಮಾತ್ರೆಗೆ ಕೈ ಹಾಕುತ್ತಾರೆ. ಅದು ಗಾಯದ ನೋವಲ್ಲ, ಮಾತ್ರೆ ಸಿಗದ ನೋವು. ಮೂರು, ದೀರ್ಘಕಾಲ ಬಳಸಿದ ಕೆಲವರಲ್ಲಿ ನರಗಳೇ ಹೆಚ್ಚು ಸೂಕ್ಷ್ಮವಾಗಿ, ಮೊದಲು ನೋಯದಿದ್ದದ್ದೂ ನೋಯತೊಡಗುತ್ತದೆ. ನೋವು ನಿವಾರಕವೇ ನೋವು ಹೆಚ್ಚಿಸುವ ವಿಚಿತ್ರ ಸ್ಥಿತಿ ಇದು.

ಹಾಗೆಂದು ಹ್ಯೂಸ್ ಅವರನ್ನು ನಶೆಗೆ ಬಿದ್ದವರು ಎಂದು ಕರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅವರ ದಾಖಲೆಗಳನ್ನು ನಂತರ ಪರಿಶೀಲಿಸಿದ ನೋವು ಚಿಕಿತ್ಸಾ ತಜ್ಞರೊಬ್ಬರು, ಅವರಿಗೆ ನಿಜವಾಗಿಯೂ ತೀವ್ರ ನೋವಿತ್ತು, ಅದನ್ನು ಸರಿಯಾಗಿ ನಿಭಾಯಿಸಲಿಲ್ಲ ಎಂದು ವಾದಿಸಿದ್ದಾರೆ. ಎರಡೂ ಒಟ್ಟಿಗೆ ನಿಜವಿರಬಹುದು. ನೋವು ನಿಜ, ಅವಲಂಬನೆಯೂ ನಿಜ.

ಬೇಡ ಎನ್ನುವವರು ಇರಲಿಲ್ಲ

1958ರ ಹೊತ್ತಿಗೆ ಹ್ಯೂಸ್ ಹೊರಗಿನ ಜಗತ್ತಿನಿಂದ ಮರೆಯಾದರು. 1966ರಲ್ಲಿ ಲಾಸ್ ವೇಗಸ್‌ನ ಡೆಸರ್ಟ್ ಇನ್ ಹೋಟೆಲ್ ಸೇರಿಕೊಂಡರು. ಕೋಣೆ ಖಾಲಿ ಮಾಡಿ ಎಂದಾಗ ಹೋಟೆಲನ್ನೇ ಕೊಂಡುಕೊಂಡರು. 1970ರಲ್ಲಿ ಅಲ್ಲಿಂದ ಹೊರಟು ಬಹಾಮಾಸ್, ನಿಕರಾಗುವಾ, ಕೆನಡಾ, ಲಂಡನ್, ಮೆಕ್ಸಿಕೊ ಎಂದು ಹೋಟೆಲಿನಿಂದ ಹೋಟೆಲಿಗೆ ಅಲೆದರು. ಸುತ್ತ ಇದ್ದವರು ಸಂಬಳದ ಸಹಾಯಕರು ಮತ್ತು ಸಂಬಳದ ವೈದ್ಯರು.

ಹ್ಯೂಸ್ ಅವರ ಹಣ ಅವರಿಗೆ ಮಾಡಿದ ದೊಡ್ಡ ಕೇಡು ಇದೇ ಎಂದು ನಮಗೆ ಅನ್ನಿಸುತ್ತದೆ. ಸಾಮಾನ್ಯ ರೋಗಿಗೆ ಮಾತ್ರೆ ಮುಗಿದರೆ ಮತ್ತೆ ಚೀಟಿ ಬರೆಸಲು ವೈದ್ಯರ ಬಳಿ ಹೋಗಬೇಕು. ಇನ್ನೂ ಯಾಕೆ ಬೇಕು ಎಂದು ಅಲ್ಲಿ ಒಬ್ಬರಾದರೂ ಕೇಳುತ್ತಾರೆ. ಹ್ಯೂಸ್ ಅವರಿಗೆ ಹಾಗೆ ಕೇಳುವವರೆಲ್ಲ ಅವರದೇ ಸಂಬಳ ತಿನ್ನುತ್ತಿದ್ದರು. ಅವರ ಸಾವಿನ ನಂತರ ಔಷಧಿ ಪೂರೈಸಿದ ಆರೋಪದ ಮೇಲೆ ಅಮೆರಿಕದಲ್ಲಿ ಮೊಕದ್ದಮೆಯೂ ನಡೆಯಿತು. 1978ರಲ್ಲಿ ಒಬ್ಬ ವೈದ್ಯರನ್ನು ನ್ಯಾಯಾಲಯ ಖುಲಾಸೆ ಮಾಡಿತು.

1973ರಲ್ಲಿ ಇನ್ನೊಂದು ತಿರುವು. ಲಂಡನ್‌ನಲ್ಲಿದ್ದಾಗ ಹ್ಯೂಸ್ ಬಹಳ ವರ್ಷಗಳ ನಂತರ ಮತ್ತೆ ವಿಮಾನ ಹಾರಿಸಿದರು. ಅದೇ ಬೇಸಿಗೆಯಲ್ಲಿ ಕೋಣೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಆದರೆ ಅವರು ಮತ್ತೆ ಎದ್ದು ನಡೆಯಲಿಲ್ಲ.

ನಮ್ಮ ಮನೆಗಳಲ್ಲಿ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಆಪರೇಶನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಎಷ್ಟು ಕಲ್ಲುಮನಸ್ಸು ಎಂದು ಮನೆಯವರಿಗೆ ಅನ್ನಿಸುತ್ತದೆ. ಆದರೆ ಹಾಸಿಗೆಯಲ್ಲೇ ಉಳಿದರೆ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ನೋವು ಹೆಚ್ಚುತ್ತದೆ. ಫಿಜಿಯೊಥೆರಪಿ ಎಂಬುದು ಐಷಾರಾಮವಲ್ಲ, ಅದೂ ನೋವಿನ ಔಷಧಿಯೇ.

ಕೊಂದದ್ದು ಯಾವುದು?

1976ರ ಏಪ್ರಿಲ್ 5ರಂದು ಮೆಕ್ಸಿಕೊದ ಅಕಾಪುಲ್ಕೊದಿಂದ ಹ್ಯೂಸ್ಟನ್‌ಗೆ ಕರೆದೊಯ್ಯುತ್ತಿದ್ದ ವಿಮಾನದಲ್ಲಿ ಹ್ಯೂಸ್ ತೀರಿಕೊಂಡರು. ಆರಡಿ ನಾಲ್ಕಿಂಚು ಎತ್ತರದ ಮನುಷ್ಯ ಸುಮಾರು 42 ಕಿಲೋ ತೂಗುತ್ತಿದ್ದರು. ಗುರುತಿಗೆ ಬೆರಳಚ್ಚು ತೆಗೆಯಬೇಕಾಯಿತು. ಎಕ್ಸ್‌ರೇಯಲ್ಲಿ ತೋಳುಗಳೊಳಗೆ ಮುರಿದ ಇಂಜೆಕ್ಷನ್ ಸೂಜಿಗಳು ಕಂಡವು.

ಆದರೆ ಸಾವಿಗೆ ಕೊಟ್ಟ ಕಾರಣ ಕೊಡೀನ್ ಅಲ್ಲ, ಮೂತ್ರಪಿಂಡ ವೈಫಲ್ಯ. ಹ್ಯೂಸ್ ಬಳಸುತ್ತಿದ್ದ ಕೊಡೀನ್ ಮಾತ್ರೆಯಲ್ಲಿ ಆಸ್ಪಿರಿನ್, ಕೆಫೀನ್ ಜೊತೆಗೆ ಫಿನಾಸಿಟಿನ್ ಎಂಬ ನೋವು ನಿವಾರಕವೂ ಬೆರೆತಿತ್ತು. ಫಿನಾಸಿಟಿನ್ ಓಪಿಯಾಯ್ಡ್ ಅಲ್ಲ. ದಶಕಗಳ ಕಾಲ ಅದನ್ನು ನಿರುಪದ್ರವಿ ಎಂದೇ ಮಾರಲಾಗಿತ್ತು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ವೈದ್ಯರು, ಇಂತಹ ಮಿಶ್ರಣ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡ ಹಾಳಾಗುವುದನ್ನು ಗುರುತಿಸಿದರು. ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆದದ್ದು 1983ರಲ್ಲಿ. ಹ್ಯೂಸ್ ಅವರ ಮೂತ್ರಪಿಂಡ ಕೆಡಿಸಿದ್ದು ಇದೇ ಇರಬೇಕು ಎಂದು ನೋವು ಚಿಕಿತ್ಸಾ ತಜ್ಞರು ಹೇಳುತ್ತಾರೆ.

ಇಲ್ಲಿ ಎರಡು ಪಾಠ. ಓಪಿಯಾಯ್ಡ್ ಬಿಡಲಾಗದೆ ಹೋದದ್ದರಿಂದ ಫಿನಾಸಿಟಿನ್ ಕೂಡ ವರ್ಷಗಟ್ಟಲೆ ಹೊಟ್ಟೆಗೆ ಹೋಯಿತು. ಎರಡನೆಯದು, ಓಪಿಯಾಯ್ಡ್ ಅಲ್ಲ ಎಂದ ಮಾತ್ರಕ್ಕೆ ಒಂದು ಮಾತ್ರೆ ಎಷ್ಟು ಬೇಕಾದರೂ ನುಂಗಬಹುದಾದದ್ದಲ್ಲ. ಫಿನಾಸಿಟಿನ್ ನಮ್ಮ ದೇಹದಲ್ಲಿ ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ. ಇಂದು ಫಿನಾಸಿಟಿನ್ ಬದಲು ಹೆಚ್ಚು ಸುರಕ್ಷಿತವಾದ ಪ್ಯಾರಾಸಿಟಮಾಲನ್ನೇ ನೇರವಾಗಿ ಕೊಡುತ್ತಾರೆ. ಅದಕ್ಕೂ ಮಿತಿ ಉಂಟು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಇದ್ದರೆ ಇನ್ನೂ ಕಡಿಮೆ.

ಇಂದಾಗಿದ್ದರೆ?

1946ರಲ್ಲಿ ಐಬುಪ್ರೊಫೆನ್ ಇರಲಿಲ್ಲ. ನೋವಿಗೆಂದೇ ಪ್ರತ್ಯೇಕ ವೈದ್ಯಕೀಯ ವಿಭಾಗವೂ ಇರಲಿಲ್ಲ. ಆ ವಿಭಾಗವನ್ನು ಕಟ್ಟಿದವರಲ್ಲಿ ಮುಖ್ಯರು ಜಾನ್ ಬೊನಿಕಾ, ಓದಿನ ಖರ್ಚಿಗೆ ಕುಸ್ತಿ ಆಡುತ್ತಿದ್ದ ಅರಿವಳಿಕೆ ವೈದ್ಯರು. ಎರಡನೇ ಮಹಾಯುದ್ಧದ ಗಾಯಾಳು ಸೈನಿಕರನ್ನು ನೋಡಿದ ಬೊನಿಕಾ, ದೀರ್ಘ ನೋವನ್ನು ಒಬ್ಬ ವೈದ್ಯ, ಒಂದು ಔಷಧಿ ಗೆಲ್ಲಲಾಗದು ಎಂದು ಕಂಡುಕೊಂಡರು. ನೋವಿನ ನಿರ್ವಹಣೆ ಕುರಿತ ಅವರ ದೊಡ್ಡ ಪುಸ್ತಕ ಬಂದದ್ದು 1953ರಲ್ಲಿ. ಹ್ಯೂಸ್ ಆಗ ಏಳು ವರ್ಷದಿಂದ ಕೊಡೀನ್ ಮೇಲಿದ್ದರು.

ಇಂದು ಅಂಥದ್ದೇ ಗಾಯಾಳು ಆಸ್ಪತ್ರೆಗೆ ಬಂದರೆ ಹಲವು ದಾರಿಗಳನ್ನು ಒಟ್ಟಿಗೆ ಹಿಡಿಯುತ್ತಾರೆ. ಮುರಿದ ಭಾಗವನ್ನು ಅಲುಗಾಡದಂತೆ ಕಟ್ಟುವುದೇ ಮೊದಲ ನೋವು ನಿವಾರಣೆ. ಪಕ್ಕೆಲುಬು ಅಥವಾ ಸೊಂಟದ ಮೂಳೆ ಮುರಿದಿದ್ದರೆ ಆ ಜಾಗದ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಇದಕ್ಕೆ ನರ್ವ್ ಬ್ಲಾಕ್ ಎನ್ನುತ್ತಾರೆ. ಜೊತೆಗೆ ಗಂಟೆ ನೋಡಿ ಪ್ಯಾರಾಸಿಟಮಾಲ್. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಕೆಲವು ದಿನ ಐಬುಪ್ರೊಫೆನ್ ತರಹದ ಮಾತ್ರೆ. ಮಂಜುಗಡ್ಡೆ, ಕಾಲು ಎತ್ತರಿಸಿಡುವುದು, ಬೇಗ ನಡೆಸುವುದು. ಇಷ್ಟಾದರೂ ನೋವು ಉಳಿದರೆ ಮಾತ್ರ ಕೆಲವೇ ದಿನಕ್ಕೆ ಓಪಿಯಾಯ್ಡ್.

ಇದು ಸಾಕಾಗುತ್ತದೆಯೇ? 2017ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಒಂದು ಅಧ್ಯಯನದಲ್ಲಿ, ಕೈಕಾಲು ನೋವಿನಿಂದ ತುರ್ತು ವಿಭಾಗಕ್ಕೆ ಬಂದ 411 ಜನರನ್ನು ಪರೀಕ್ಷಿಸಿದರು. ಕೆಲವರಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್, ಉಳಿದವರಿಗೆ ಓಪಿಯಾಯ್ಡ್ ಬೆರೆತ ಮಾತ್ರೆ. ಎರಡು ಗಂಟೆಯ ನಂತರ ನೋವು ಇಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. 2018ರ ಇನ್ನೊಂದು ಅಧ್ಯಯನ ಹಳೆಯ ಬೆನ್ನು, ಸೊಂಟ, ಮಂಡಿ ನೋವಿನ 240 ಜನರನ್ನು ಒಂದು ವರ್ಷ ಗಮನಿಸಿತು. ಅಲ್ಲಿಯೂ ಓಪಿಯಾಯ್ಡ್ ಮೇಲುಗೈ ಸಾಧಿಸಲಿಲ್ಲ.

ದಿನಗಳ ಲೆಕ್ಕ ಏಕೆ ಮುಖ್ಯ ಎನ್ನುವುದಕ್ಕೂ ಅಂಕಿಗಳಿವೆ. ಅಮೆರಿಕದ ಸಿಡಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಸಲ ಕನಿಷ್ಠ ಒಂದು ದಿನದ ಓಪಿಯಾಯ್ಡ್ ಪಡೆದವರಲ್ಲಿ ಒಂದು ವರ್ಷದ ನಂತರವೂ ಬಳಸುತ್ತಿದ್ದವರು ಸುಮಾರು ಶೇ 6. ಎಂಟು ದಿನ ಅಥವಾ ಹೆಚ್ಚು ಪಡೆದವರಲ್ಲಿ ಶೇ 13.5. ಮೂವತ್ತೊಂದು ದಿನ ಅಥವಾ ಹೆಚ್ಚು ಪಡೆದವರಲ್ಲಿ ಶೇ 29.9. ದೊಡ್ಡ ಗಾಯದವರಿಗೆ ಹೆಚ್ಚು ದಿನ ಕೊಡುತ್ತಾರೆ, ಆದ್ದರಿಂದ ಎಲ್ಲ ತಪ್ಪನ್ನೂ ಮಾತ್ರೆಯ ಮೇಲೆ ಹಾಕಲಾಗದು. ಆದರೂ ಲೆಕ್ಕದ ದಿಕ್ಕು ಸ್ಪಷ್ಟ.

ನಿಮ್ಮ ಕೈಯಲ್ಲಿರುವ ಚೀಟಿ

ನಮ್ಮಲ್ಲಿ ಈ ಗುಂಪಿನ ಪರಿಚಿತ ಹೆಸರು ಟ್ರಮಡಾಲ್. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಯಾಗಿಯೂ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ ತಂದಿತು. ಟ್ಯಾಪೆಂಟಡಾಲ್ ಕೂಡ ಓಪಿಯಾಯ್ಡ್. ಮನೆಯಲ್ಲಿ ಯಾರಿಗಾದರೂ ಮೂಳೆ ಮುರಿದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಇಷ್ಟು ಕೇಳಿ:

- ಇದರಲ್ಲಿ ಓಪಿಯಾಯ್ಡ್ ಮಾತ್ರೆ ಯಾವುದು?
- ಎಷ್ಟು ದಿನಕ್ಕೆ? ಯಾವ ದಿನ ನಿಲ್ಲಿಸಬೇಕು?
- ಒಮ್ಮೆಲೇ ನಿಲ್ಲಿಸಬಹುದೋ, ದಿನದಿನಕ್ಕೆ ಕಡಿಮೆ ಮಾಡಬೇಕೋ?
- ಆಮೇಲೂ ನೋವಿದ್ದರೆ ಏನು ತೆಗೆದುಕೊಳ್ಳಬೇಕು?
- ಫಿಜಿಯೊಥೆರಪಿ ಯಾವಾಗ ಶುರು?

ಚೀಟಿ ಮುಗಿದ ಮೇಲೆ ಅದೇ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಕೊಳ್ಳಬೇಡಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರ ಬೆನ್ನುನೋವಿಗೆ ಕೊಡಬೇಡಿ. ಈಗಾಗಲೇ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರನ್ನು ಕಂಡು ಹಂತ ಹಂತವಾಗಿ ಇಳಿಸಿ.

ಇನ್ನೊಂದು ಮಾತು. ಇದನ್ನು ಫಾರ್ವರ್ಡ್ ಮಾಡುವಾಗ ಮಾರ್ಫಿನ್ ವಿಷ ಎಂಬ ಸಾಲು ಸೇರಿಸಬೇಡಿ. ಕ್ಯಾನ್ಸರ್ ನೋವಿನಲ್ಲಿರುವವರಿಗೆ ಮಾರ್ಫಿನ್ ದೊಡ್ಡ ಆಸರೆ. ಇಂತಹ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಅದು ಬೇಕಾದವರಿಗೆ ಸಿಗುತ್ತಿಲ್ಲ. ಹ್ಯೂಸ್ ಅವರ ದುರಂತ ಮಾರ್ಫಿನ್ ಶುರು ಮಾಡಿದ್ದರಿಂದ ಆದದ್ದಲ್ಲ. ಆ ಕುಟುಂಬದ ಮಾತ್ರೆಯನ್ನು ನಿಲ್ಲಿಸುವ ದಿನವನ್ನು ಯಾರೂ ಗೊತ್ತು ಮಾಡದೆ ಇದ್ದದ್ದರಿಂದ ಆದದ್ದು.

1953ರಲ್ಲಿ ಹ್ಯೂಸ್ ತಮ್ಮ ಹೆಸರಿನಲ್ಲಿ ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆ ಸ್ಥಾಪಿಸಿದ್ದರು. ತೆರಿಗೆ ಉಳಿಸಲು ಮಾಡಿದ್ದು ಎಂಬ ಟೀಕೆ ಆಗಲೂ ಇತ್ತು. ಅವರ ಸಾವಿನ ನಂತರ ಅದು ಜಗತ್ತಿನ ಬಹು ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಒತ್ತಡ ಮತ್ತು ಸ್ಪರ್ಶವನ್ನು ನಮ್ಮ ನರಗಳು ಹೇಗೆ ಗ್ರಹಿಸುತ್ತವೆ ಎಂದು ಕಂಡುಹಿಡಿದು 2021ರ ನೊಬೆಲ್ ಹಂಚಿಕೊಂಡ ಆರ್ಡೆಮ್ ಪಟಪೂಟಿಯನ್ ಆ ಸಂಸ್ಥೆಯ ಬೆಂಬಲದ ಸಂಶೋಧಕರು. ನೋವಿಗೆ ಹೊಸ ಔಷಧಿ ಹುಡುಕುವವರಿಗೆ ಇಂತಹ ತಿಳಿವಳಿಕೆಯೇ ತಳಪಾಯ. 2025ರ ಜನವರಿಯಲ್ಲಿ ಅಮೆರಿಕ ಸುಝೆಟ್ರಿಜಿನ್ ಎಂಬ ಓಪಿಯಾಯ್ಡ್ ಅಲ್ಲದ ಹೊಸ ಬಗೆಯ ನೋವಿನ ಮಾತ್ರೆಗೆ ಒಪ್ಪಿಗೆ ಕೊಟ್ಟಿದೆ. ಅದು ಪವಾಡದ ಮಾತ್ರೆಯಲ್ಲ, ಹುಡುಕಾಟ ಇನ್ನೂ ನಡೆದಿದೆ. ನಿಲ್ಲಿಸುವ ದಿನವನ್ನು ಕೇಳಿ ಬರೆಸಿಕೊಳ್ಳಲು ಮಾತ್ರ ಹೊಸ ಔಷಧಿ ಬರುವವರೆಗೆ ಕಾಯಬೇಕಾಗಿಲ್ಲ.